ಹುಡುಗರ ಹಾರ್ಮೋನ್ ಟೆಸ್ಟ್: ಮನೆಯಿಂದ ಲ್ಯಾಬ್‌ಗೆ, ಲ್ಯಾಬ್‌ನಿಂದ ರಿಪೋರ್ಟ್‌ಗೆ

ಒಂದು ದಿನ ಊಟದ ಹೊತ್ತಿಗೆ ಒಬ್ಬ ತಂದೆ ನಮ್ಮ ಲ್ಯಾಬ್‌ಗೆ ಬಂದರು. ಜೇಬಿನಿಂದ ನಾಲ್ಕಾಗಿ ಮಡಿಸಿದ್ದ ರಿಪೋರ್ಟ್ ತೆಗೆದು ಕೌಂಟರ್ ಮೇಲೆ ಹರಡಿದರು. ಬೇರೆ ಊರಲ್ಲಿ ಮಾಡಿಸಿದ ಟೆಸ್ಟ್. ಮಗನಿಗೆ ಹದಿಮೂರು ವರ್ಷ. ಟೆಸ್ಟೋಸ್ಟೆರಾನ್, ಅಂದರೆ ಗಂಡು ಹಾರ್ಮೋನ್, 38 ಅಂತ ಇತ್ತು. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ 'ಕಡಿಮೆ' ಎಂಬ ಗುರುತು. ಅದರ ಮುಂದೆ, ಇರಬೇಕಾದದ್ದು 300ರಿಂದ 1000 ಎಂದು ಅಚ್ಚಾಗಿತ್ತು. "ಇವನು ಎಲ್ಲರ ಹಾಗೆ ಬೆಳೆಯೋದೇ ಇಲ್ವಾ ಮೇಡಂ?" ಎಂದು ಕೇಳಿದರು. ಹುಡುಗ ಹೊರಗೆ ಬೈಕ್ ಪಕ್ಕ ತಲೆ ತಗ್ಗಿಸಿ ನಿಂತಿದ್ದ.

ನಾನು ಮೊದಲು ನೋಡಿದ್ದು ಆ 38 ಅಲ್ಲ. ರಿಪೋರ್ಟಿನ ಮೇಲ್ತುದಿಯಲ್ಲಿ ಸಣ್ಣಕ್ಷರದಲ್ಲಿದ್ದ ಸಮಯ. ರಕ್ತ ತೆಗೆದದ್ದು ಸಂಜೆ 4:40ಕ್ಕೆ. ಇನ್ನು ಆ 300ರಿಂದ 1000 ದೊಡ್ಡ ಗಂಡಸರ ಲೆಕ್ಕ. ಹರೆಯದ ಬಾಗಿಲಲ್ಲಿ ನಿಂತಿರುವ ಹುಡುಗನಿಗೆ ಅದು ಅನ್ವಯಿಸುವುದೇ ಇಲ್ಲ.

ಹದಿನಾರು ವರ್ಷದಿಂದ ರಕ್ತ ತೆಗೆಯುವ ಕೆಲಸ ನನ್ನದು. ಇಂಥ ರಿಪೋರ್ಟ್ ಹಿಡಿದು ಕಂಗಾಲಾಗಿ ಬಂದ ಅಪ್ಪ-ಅಮ್ಮಂದಿರನ್ನು ತುಂಬಾ ನೋಡಿದ್ದೇನೆ. ಹುಡುಗನ ಹಾರ್ಮೋನ್ ಅಂಕಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಯಾವ ಹೊತ್ತಿನಲ್ಲಿ ತೆಗೆದದ್ದು, ಹುಡುಗ ಬೆಳವಣಿಗೆಯ ಯಾವ ಹಂತದಲ್ಲಿದ್ದಾನೆ, ಅಂಗೈ ಎಕ್ಸ್‌ರೇ ಏನು ಹೇಳುತ್ತದೆ, ಇವು ಜೊತೆಗಿದ್ದರೆ ಮಾತ್ರ ಅದು ಮಾತಾಡುತ್ತದೆ. ಹಾಗಾಗಿ ಈ ಟೆಸ್ಟನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡಿಸಬೇಕು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ನಿಜಕ್ಕೂ ಟೆಸ್ಟ್ ಬೇಕಾ?

ಹುಡುಗರಲ್ಲಿ ಹರೆಯ ಶುರುವಾಗುವುದು 9ರಿಂದ 14 ವರ್ಷದ ನಡುವೆ. ಐದು ವರ್ಷದಷ್ಟು ಅಗಲದ ಬಾಗಿಲು ಇದು. ಒಂದೇ ಬೆಂಚಿನಲ್ಲಿ ಕೂತ ಏಳನೇ ಕ್ಲಾಸಿನ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಚಿಗುರಿದ್ದು, ಇನ್ನೊಬ್ಬ ಇನ್ನೂ ಮಗುವಿನಂತಿದ್ದರೆ ಇಬ್ಬರೂ ಸರಿಯಾಗಿಯೇ ಇರಬಹುದು.

ತಂದೆ ತಾಯಿ ಕಾಯುವುದು ಮೀಸೆಗೆ, ದನಿ ಒಡೆಯುವುದಕ್ಕೆ. ಆದರೆ ಅವೆರಡೂ ಬರುವುದು ತಡವಾಗಿ. ಮೊದಲು ಆಗುವ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ: ವೃಷಣಗಳು, ಅಂದರೆ ಬೀಜಗಳು, ದೊಡ್ಡದಾಗುತ್ತವೆ. ಅದರ ಗಾತ್ರ 4 ಮಿಲಿಲೀಟರ್ ಮುಟ್ಟಿದರೆ ಹರೆಯ ಶುರುವಾಯಿತು ಎಂದು ಡಾಕ್ಟರ್‌ಗಳು ಲೆಕ್ಕ ಹಾಕುತ್ತಾರೆ. ಆಮೇಲೆ ಕೂದಲು, ಆಮೇಲೆ ಎತ್ತರದ ಜಿಗಿತ. ಆ ಜಿಗಿತದ ವರ್ಷದಲ್ಲಿ 9-10 ಸೆಂಟಿಮೀಟರ್ ಬೆಳೆಯುವುದುಂಟು. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಪ್ಯಾಂಟು ಜನವರಿಗೆ ಕಣಕಾಲಿನ ಮೇಲೆ ನಿಲ್ಲುವುದು ಆಗಲೇ.

ಡಾಕ್ಟರ್ ಹತ್ತಿರ ಹೋಗಲೇಬೇಕಾದ ಸಂದರ್ಭಗಳು ಬೇರೆ. 9 ವರ್ಷ ತುಂಬುವ ಮೊದಲೇ ಬದಲಾವಣೆ ಶುರುವಾದರೆ ಹೋಗಿ. ಹುಡುಗರಲ್ಲಿ ಬೇಗ ಬರುವ ಹರೆಯದ ಹಿಂದೆ ಕಾರಣ ಇರುವ ಸಾಧ್ಯತೆ ಹುಡುಗಿಯರಿಗಿಂತ ಜಾಸ್ತಿ, ಅದನ್ನು ಮುಂದೂಡಬೇಡಿ. 14 ತುಂಬಿದರೂ ಏನೂ ಶುರುವಾಗಿಲ್ಲದಿದ್ದರೆ ಹೋಗಿ. ಶುರುವಾಗಿ ಅರ್ಧಕ್ಕೆ ನಿಂತಂತೆ ಕಂಡರೂ ಹೋಗಿ. ಚಿಕ್ಕವನಿದ್ದಾಗ ಬೀಜ ಕೆಳಗೆ ಇಳಿದಿರಲಿಲ್ಲ ಎಂದು ಆಪರೇಷನ್ ಆಗಿದ್ದರೆ, ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿದ್ದರೆ, ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಗೆ ಪದೇ ಪದೇ ರಕ್ತ ಹಾಕಿಸುತ್ತಿದ್ದರೆ ಮೊದಲೇ ತಿಳಿಸಿ.

ಇನ್ನೊಂದು ಮಾತು. ಹರೆಯದ ನಡುವೆ ಅನೇಕ ಹುಡುಗರಿಗೆ ಎದೆಯ ತೊಟ್ಟಿನ ಕೆಳಗೆ ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಕರಗುತ್ತದೆ. ಮಕ್ಕಳು ಇದನ್ನು ಯಾರಿಗೂ ಹೇಳದೆ, ಬೇಸಿಗೆಯಲ್ಲೂ ದಪ್ಪ ಅಂಗಿ ಹಾಕಿಕೊಂಡು ಒಳಗೊಳಗೇ ಕೊರಗುತ್ತಾರೆ. ಒಮ್ಮೆ ಡಾಕ್ಟರ್‌ಗೆ ತೋರಿಸಿದರೆ ಸಾಕು, ಅರ್ಧ ಭಾರ ಇಳಿಯುತ್ತದೆ.

ಹೆಜ್ಜೆ 2: ಸೂಜಿಗಿಂತ ಮೊದಲು ಅಳತೆ

ನೇರ ಲ್ಯಾಬ್‌ಗೆ ಬಂದು "ಹಾರ್ಮೋನ್ ಎಲ್ಲಾ ನೋಡಿ" ಅನ್ನಬೇಡಿ. ಮೊದಲು ಮಕ್ಕಳ ಡಾಕ್ಟರ್. ಸಾಧ್ಯವಾದರೆ ಮಕ್ಕಳ ಹಾರ್ಮೋನ್ ತಜ್ಞರು, ಪೀಡಿಯಾಟ್ರಿಕ್ ಎಂಡೋಕ್ರೈನಾಲಜಿಸ್ಟ್ ಅನ್ನುತ್ತಾರಲ್ಲ, ಅವರು. ಇವರು ದೊಡ್ಡ ಊರುಗಳಲ್ಲೇ ಸಿಗುವುದು. ಸರ್ಕಾರಿ ಆಸ್ಪತ್ರೆ ಬೇಕೆಂದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ವಿಚಾರಿಸಿ.

ಹೋಗುವಾಗ ಹುಡುಗನ ಎತ್ತರದ ಹಳೆಯ ದಾಖಲೆ ಹಿಡಿದುಕೊಂಡು ಹೋಗಿ. ಶಾಲೆಯ ಹೆಲ್ತ್ ಕಾರ್ಡ್, ಲಸಿಕೆ ಪುಸ್ತಕ, ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರೆ ಅದರ ಫೋಟೋ ಆದರೂ ಸರಿ. ಆರು ತಿಂಗಳ ಅಂತರದ ಎರಡು ಎತ್ತರಗಳು ಒಂದು ರಕ್ತಪರೀಕ್ಷೆಗಿಂತ ಹೆಚ್ಚು ಹೇಳುವುದುಂಟು.

ಜೊತೆಗೆ ಅಪ್ಪನ ಕಥೆಯೂ ಬೇಕು. ಅಪ್ಪ ಯಾವಾಗ ಉದ್ದವಾದರು? ಮೊದಲ ಸಲ ಶೇವ್ ಮಾಡಿದ್ದು ಯಾವಾಗ? "ನಾನು ಎಸ್ಸೆಸ್ಸೆಲ್ಸಿಯಲ್ಲಿ ಮುಂದಿನ ಬೆಂಚು, ಪಿಯುಸಿಯಲ್ಲಿ ಒಂದೇ ಸಲ ಉದ್ದ ಆದೆ" ಎಂದು ಅಪ್ಪನೋ ಸೋದರಮಾವನೋ ಹೇಳಿದರೆ ಡಾಕ್ಟರ್ ಮುಖ ಅರ್ಧ ಸಡಿಲವಾಗುತ್ತದೆ. ತಡವಾಗಿ ಬರುವ ಹರೆಯಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ವಂಶದಲ್ಲೇ ಇರುವ ನಿಧಾನ. ಅದು ರೋಗವಲ್ಲ.

ಡಾಕ್ಟರ್ ಹತ್ತಿರ ಒಂದು ಮಣಿಸರ ಇರುತ್ತದೆ. ಆರ್ಕಿಡೋಮೀಟರ್ ಎಂದು ಹೆಸರು. ದಾರಕ್ಕೆ ಪೋಣಿಸಿದ ಮೊಟ್ಟೆಯಾಕಾರದ ಹನ್ನೆರಡು ಮಣಿಗಳು, ಒಂದೊಂದರ ಮೇಲೂ ಅಂಕಿ: 1, 2, 3, 4, 5, 6, 8, 10, 12, 15, 20, 25. ಇದನ್ನು ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಆಂಡ್ರಿಯಾ ಪ್ರೇಡರ್, 1966ರಲ್ಲಿ. ಡಾಕ್ಟರ್ ಒಂದು ಕೈಯಲ್ಲಿ ಮಣಿ, ಇನ್ನೊಂದು ಕೈಯಲ್ಲಿ ಹುಡುಗನ ವೃಷಣ ಹಿಡಿದು ಹೋಲಿಸುತ್ತಾರೆ. ಒಂದು ನಿಮಿಷದ ಕೆಲಸ. ಹುಡುಗನಿಗೆ ಮಾತ್ರ ಅದು ದೊಡ್ಡ ಮುಜುಗರ. ಹಾಗಾಗಿ ಮನೆಯಲ್ಲೇ ಅವನಿಗೆ ಹೇಳಿ ಕರೆದುಕೊಂಡು ಹೋಗಿ. ಯಾರು ಒಳಗಿರಬೇಕು, ಯಾರು ಹೊರಗೆ ಕೂರಬೇಕು ಅಂತ ಅವನನ್ನೇ ಕೇಳಿ. ಅಮ್ಮ ಬೇಡ, ಅಪ್ಪ ಇರಲಿ ಅಂದರೆ ಹಾಗೇ ಆಗಲಿ.

ಇದರ ಜೊತೆ ಕೂದಲು, ಶಿಶ್ನದ ಬೆಳವಣಿಗೆ ನೋಡಿ 1ರಿಂದ 5ರವರೆಗೆ ಒಂದು ಹಂತ ಬರೆಯುತ್ತಾರೆ. ಟ್ಯಾನರ್ ಹಂತ ಎನ್ನುವುದು ಇದಕ್ಕೇ. 1970ರಲ್ಲಿ ಇಂಗ್ಲೆಂಡಿನ ಮಾರ್ಷಲ್ ಮತ್ತು ಟ್ಯಾನರ್ ಹುಡುಗರ ಹಂತಗಳನ್ನು ಹೀಗೆ ವಿವರಿಸಿದರು. ಲ್ಯಾಬ್ ಚೀಟಿಯ ಮೇಲೆ ಈ ಹಂತ ಮತ್ತು ವೃಷಣದ ಗಾತ್ರ ಬರೆದುಕೊಡಲು ಡಾಕ್ಟರನ್ನು ಕೇಳಿ. ನಮ್ಮಂಥವರಿಗೆ ಆ ಒಂದು ಸಾಲು ಬಂಗಾರ.

ಕೊನೆಗೆ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ. ಇದರಿಂದ ಮೂಳೆಯ ವಯಸ್ಸು ಗೊತ್ತಾಗುತ್ತದೆ. ಹುಡುಗನಿಗೆ 14, ಮೂಳೆಗೆ 11 ಅಂತಿದ್ದರೆ ಅವನ ದೇಹದ ಗಡಿಯಾರವೇ ನಿಧಾನ. ಆ ಗಡಿಯಾರಕ್ಕೆ ತಕ್ಕ ಹಾರ್ಮೋನ್ ನಿರೀಕ್ಷಿಸಬೇಕೇ ಹೊರತು ಹುಟ್ಟಿದ ತಾರೀಖಿಗೆ ತಕ್ಕದ್ದಲ್ಲ.

ಹೆಜ್ಜೆ 3: ಯಾವ ಟೆಸ್ಟ್, ಯಾಕೆ

ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಭಾಗವಿದೆ. ಅದು ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಸಂದೇಶ ಬಿಡುತ್ತದೆ. ಅದನ್ನು ಕೇಳಿಸಿಕೊಂಡ ಪಿಟ್ಯುಟರಿ ಗ್ರಂಥಿ ರಕ್ತಕ್ಕೆ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನ್ ಬಿಡುತ್ತದೆ. ಎಲ್‌ಎಚ್ ವೃಷಣದಲ್ಲಿ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ಅಲ್ಲಿ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳನ್ನು ಬೆಳೆಸುತ್ತದೆ. ಆ ಕೋಶಗಳಿಂದ ಇನ್ಹಿಬಿನ್ ಬಿ ಮತ್ತು ಎಎಂಎಚ್ ಎಂಬ ಹಾರ್ಮೋನ್‌ಗಳು ಬರುತ್ತವೆ. ಬಾಲ್ಯದಲ್ಲಿ ಎಎಂಎಚ್ ತುಂಬಾ ಇರುತ್ತದೆ, ಟೆಸ್ಟೋಸ್ಟೆರಾನ್ ಏರಿದಂತೆ ಇಳಿಯುತ್ತದೆ. ಹಾಗಾಗಿ ಹರೆಯದಲ್ಲಿ ಎಎಂಎಚ್ ಕಡಿಮೆಯಾಯಿತು ಅಂತ ಗಾಬರಿಯಾಗಬೇಡಿ.

ಸಾಮಾನ್ಯವಾಗಿ ಮೊದಲ ಸಲಕ್ಕೆ ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ಸಾಕು. ಹರೆಯ ತಡವಾಗಿದ್ದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯ ಇನ್ನೊಂದು ಹಾರ್ಮೋನ್), ಹಿಮೋಗ್ಲೋಬಿನ್, ಕಿಡ್ನಿ-ಲಿವರ್ ಟೆಸ್ಟ್‌ಗಳನ್ನೂ ಬರೆಯುತ್ತಾರೆ. ಯಾಕೆಂದರೆ ದೀರ್ಘಕಾಲದ ಕಾಯಿಲೆ, ಪೌಷ್ಟಿಕತೆ ಇಲ್ಲದಿರುವುದು ಕೂಡ ಹರೆಯವನ್ನು ಹಿಂದಕ್ಕೆ ತಳ್ಳುತ್ತವೆ. ಬೇಗ ಬಂದಿದ್ದರೆ ಅಡ್ರೀನಲ್ ಗ್ರಂಥಿಯ 17-ಓಎಚ್‌ಪಿ, ಡಿಎಚ್‌ಇಎ-ಎಸ್, ಕೆಲವು ಗಡ್ಡೆಗಳಿಂದ ಬರುವ ಬೀಟಾ ಎಚ್‌ಸಿಜಿ ಟೆಸ್ಟ್‌ಗಳು ಸೇರಬಹುದು.

ಆನ್‌ಲೈನ್‌ನಲ್ಲಿ ಸಿಗುವ 'ಪುರುಷರ ಹಾರ್ಮೋನ್ ಪ್ಯಾಕೇಜ್' ಮಕ್ಕಳಿಗಾಗಿ ಮಾಡಿದ್ದಲ್ಲ. ಅದರ ದುಡ್ಡು ಸುಮ್ನೆ ಹೋಗುತ್ತದೆ.

ಹೆಜ್ಜೆ 4: ಹಿಂದಿನ ರಾತ್ರಿ ಮತ್ತು ಆ ಬೆಳಗ್ಗೆ

ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹರೆಯದ ಶುರುವಿನಲ್ಲಿ ಎಲ್‌ಎಚ್ ಏರುವುದು ರಾತ್ರಿ, ನಿದ್ದೆಯಲ್ಲಿ. ಹುಡುಗ ಮಲಗಿರುವಾಗ ಪಿಟ್ಯುಟರಿ ಕೆಲಸಕ್ಕೆ ಇಳಿಯುತ್ತದೆ, ವೃಷಣ ಓಗೊಡುತ್ತದೆ, ಬೆಳಗಿನ ಜಾವಕ್ಕೆ ಟೆಸ್ಟೋಸ್ಟೆರಾನ್ ತುದಿಯಲ್ಲಿರುತ್ತದೆ. ಹೊತ್ತು ಏರಿದಂತೆ ಅದು ಇಳಿಯುತ್ತದೆ. ಅದೇ ಹುಡುಗನ ರಕ್ತವನ್ನು ಸಂಜೆ ತೆಗೆದರೆ ಏನೂ ಶುರುವಾಗೇ ಇಲ್ಲ ಅನ್ನಿಸಿಬಿಡಬಹುದು. ಆದ್ದರಿಂದ ರಕ್ತ ಕೊಡಬೇಕಾದದ್ದು ಬೆಳಗ್ಗೆ ಸುಮಾರು 8ಕ್ಕೆ. ಏನೇ ಆದರೂ 10 ದಾಟಬಾರದು. ಹಳ್ಳಿಯಿಂದ ಬರುವವರಿಗೆ ಮೊದಲ ಬಸ್ಸೇ ಎಂಟೂವರೆಗೆ ಇರುತ್ತದೆ, ನನಗೆ ಗೊತ್ತು. ಹಿಂದಿನ ದಿನ ಲ್ಯಾಬ್‌ಗೆ ಒಂದು ಫೋನ್ ಮಾಡಿ, ಇಂಥ ಟೆಸ್ಟ್ ಇದೆ, ಇಷ್ಟು ಹೊತ್ತಿಗೆ ಬರುತ್ತೇವೆ, ಸಾಲಿನಲ್ಲಿ ಕೂರಿಸಬೇಡಿ ಅನ್ನಿ.

ರಾತ್ರಿ ನಿದ್ದೆ ಸರಿಯಾಗಿ ಆಗಿರಬೇಕು. ಪರೀಕ್ಷೆಗೆ ಓದಿಯೋ ಮೊಬೈಲ್ ಹಿಡಿದೋ ಜಾಗರಣೆ ಮಾಡಿದ ಮರುದಿನ ಬೇಡ. ಊಟ ಮಾಡಿದರೆ ಟೆಸ್ಟೋಸ್ಟೆರಾನ್ ಸ್ವಲ್ಪ ತಗ್ಗುತ್ತದೆ, ಹಾಗಾಗಿ ಖಾಲಿ ಹೊಟ್ಟೆ ಒಳ್ಳೆಯದು. ನೀರು ಧಾರಾಳವಾಗಿ ಕುಡಿಯಲಿ, ನರ ಚೆನ್ನಾಗಿ ಸಿಗುತ್ತದೆ. ತಿಂಡಿ ಡಬ್ಬಿಯಲ್ಲಿ ತನ್ನಿ, ರಕ್ತ ಕೊಟ್ಟ ಕೂಡಲೇ ತಿನ್ನಲಿ.

ಜ್ವರ, ಡೆಂಗಿ, ಟೈಫಾಯ್ಡ್ ಅಂತ ಮಲಗಿ ಎದ್ದಿದ್ದರೆ ಪೂರ್ತಿ ಚೇತರಿಸಿಕೊಂಡು ಕೆಲವು ವಾರ ಕಳೆದ ಮೇಲೆ ಮಾಡಿಸಿ. ಕಾಯಿಲೆಯಲ್ಲಿ ದೇಹ ಈ ಹಾರ್ಮೋನ್‌ಗಳನ್ನು ತಾನೇ ತಗ್ಗಿಸುತ್ತದೆ.

ಬಯೋಟಿನ್ ಎಂಬ ವಿಟಮಿನ್ ಬಗ್ಗೆ ಯಾರೂ ಕೇಳುವುದಿಲ್ಲ. ಕೂದಲಿಗೆ, ಉಗುರಿಗೆ ಅಂತ ಕೊಡುವ ಮಾತ್ರೆ, ಗಮ್ಮಿಗಳಲ್ಲಿ ಇದು ಹೆಚ್ಚಿರುತ್ತದೆ. ಅನೇಕ ಮಷಿನ್‌ಗಳು ಬಯೋಟಿನ್ ಬಳಸುವ ರಾಸಾಯನಿಕದ ಮೇಲೇ ಕೆಲಸ ಮಾಡುತ್ತವೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಎಲ್‌ಎಚ್, ಎಫ್‌ಎಸ್‌ಎಚ್ ಸುಳ್ಳಾಗಿ ಕಡಿಮೆ, ಟೆಸ್ಟೋಸ್ಟೆರಾನ್ ಸುಳ್ಳಾಗಿ ಹೆಚ್ಚು ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಎರಡು ಮೂರು ದಿನ ಮೊದಲೇ ನಿಲ್ಲಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಸ್ಟೀರಾಯ್ಡ್ ಮಾತ್ರೆ, ಆಸ್ತಮಾದ ಇನ್‌ಹೇಲರ್, ಜಿಮ್‌ನವರು ಕೊಟ್ಟ ಪುಡಿ, ಏನೇ ಇದ್ದರೂ ಹೇಳಿಬಿಡಿ. ಆದರೆ ಡಾಕ್ಟರ್ ಬರೆದ ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿ. ಅಪ್ಪ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಮೈಗೆ ಮೈ ತಾಗಿ ಮಗುವಿಗೆ ದಾಟುತ್ತದೆ.

ಹೆಜ್ಜೆ 5: ಲ್ಯಾಬ್‌ನಲ್ಲಿ

ಹುಡುಗ ಬಂದ ಕೂಡಲೇ ನಾನು ಸೂಜಿ ತೆಗೆಯುವುದಿಲ್ಲ. ಹತ್ತು ನಿಮಿಷ ಕೂರಿಸುತ್ತೇನೆ. ಮೆಟ್ಟಿಲು ಹತ್ತಿ ಓಡಿ ಬಂದಿದ್ದರೆ, ಹೆದರಿಕೊಂಡಿದ್ದರೆ ಪ್ರೊಲ್ಯಾಕ್ಟಿನ್ ಸುಮ್ಮನೆ ಏರಿ ಕೂರುತ್ತದೆ. ಯಾವ ಟೆಸ್ಟ್, ಯಾತಕ್ಕೆ ಅಂತ ಎಲ್ಲರೆದುರು ಜೋರಾಗಿ ಕೇಳಬಾರದು. ನಮ್ಮಲ್ಲಿ ಯಾರಾದರೂ ಹಾಗೆ ಕೇಳಿದರೆ, ಚೀಟಿಯಲ್ಲಿ ಬರೆದಿದೆ ನೋಡಿ ಎಂದು ಹೇಳುವ ಹಕ್ಕು ನಿಮಗಿದೆ.

ಬೇಕಾದ ರಕ್ತ ಸಾಮಾನ್ಯವಾಗಿ 3ರಿಂದ 5 ಮಿಲಿಲೀಟರ್. ಅಂದರೆ ಒಂದು ಟೀ ಚಮಚದಷ್ಟು. ಹಳದಿ ಅಥವಾ ಕೆಂಪು ಮುಚ್ಚಳದ ಟ್ಯೂಬಿಗೆ ಇಳಿಸಿ, ಮೆಲ್ಲಗೆ ಐದಾರು ಸಲ ಮಗುಚಿ, ಸ್ಟ್ಯಾಂಡಿನಲ್ಲಿ ನೇರ ನಿಲ್ಲಿಸಿ ಅರ್ಧ ಗಂಟೆ ಬಿಡುತ್ತೇವೆ. ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಮೇಲೆ ಒಣಹುಲ್ಲಿನ ಬಣ್ಣದ ತಿಳಿ ಸೀರಮ್ ನಿಲ್ಲುತ್ತದೆ. ಟೆಸ್ಟ್ ಆಗುವುದು ಅದರ ಮೇಲೆ. ಆ ತಿಳಿ ಕೆಂಪಾಗಿದ್ದರೆ ರಕ್ತಕಣ ಒಡೆದಿವೆ ಎಂದರ್ಥ, ಮತ್ತೆ ತೆಗೆಯಬೇಕು. ಮತ್ತೆ ಕರೆದರೆ ಬೈಯಬೇಡಿ. ಕೆಟ್ಟ ಸ್ಯಾಂಪಲ್‌ನಿಂದ ಅಂಕಿ ಕೊಡುವ ಲ್ಯಾಬ್‌ಗಿಂತ ವಾಪಸ್ ಕರೆಯುವ ಲ್ಯಾಬ್ ಮೇಲು.

ಇಲ್ಲಿ ನೀವು ಎರಡು ಪ್ರಶ್ನೆ ಕೇಳಿ. ಒಂದು, ರಕ್ತ ತೆಗೆದ ಸಮಯವನ್ನು ಚೀಟಿಯಲ್ಲಿ ಬರೆದಿರಾ? ಎರಡು, ಟೆಸ್ಟೋಸ್ಟೆರಾನ್ ಯಾವ ವಿಧಾನದಲ್ಲಿ ನೋಡುತ್ತೀರಿ? ಮಾಮೂಲಿ ಇಮ್ಯುನೊಅಸ್ಸೇ, ಅಂದರೆ ಆಂಟಿಬಾಡಿ ಬಳಸಿ ಅಳೆಯುವ ವಿಧಾನ, ದೊಡ್ಡವರ ಮಟ್ಟಕ್ಕೆ ಸಾಕು, ಮಕ್ಕಳ ಕಡಿಮೆ ಮಟ್ಟದಲ್ಲಿ ಅದು ತಡಕಾಡುತ್ತದೆ. ಅಲ್ಲಿ ನಂಬಿಕೆಗೆ ಅರ್ಹವಾದದ್ದು ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್‌ಎಂಎಸ್ ಎಂಬ ವಿಧಾನ. ಸಣ್ಣ ಊರಿನ ಲ್ಯಾಬ್‌ನಿಂದ ಸ್ಯಾಂಪಲ್ ದೊಡ್ಡ ಲ್ಯಾಬ್‌ಗೆ ಹೋಗಬೇಕು, ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಕಾಯಬಹುದಾದದ್ದು, ಕಾಯಿರಿ. ಎಲ್‌ಎಚ್‌ಗೂ ಅತಿ ಕಡಿಮೆ ಮಟ್ಟ ಹಿಡಿಯುವ ಸೂಕ್ಷ್ಮ ಟೆಸ್ಟೇ ಬೇಕು.

ಒಂದು ತೊಟ್ಟು ರಕ್ತದಲ್ಲಿ ಇಷ್ಟು ಕಡಿಮೆ ಇರುವುದನ್ನು ಅಳೆಯಬಹುದು ಅನ್ನುವುದೇ ಒಂದು ಕಾಲದಲ್ಲಿ ಕನಸಾಗಿತ್ತು. ಆ ದಾರಿ ತೆರೆದದ್ದು ಅಮೆರಿಕದ ವಿಜ್ಞಾನಿ ರೋಸಲಿನ್ ಯಾಲೋ ಅವರ ರೇಡಿಯೊಇಮ್ಯುನೊಅಸ್ಸೇ ಎಂಬ ವಿಧಾನ. 1977ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಬಹುಮಾನವನ್ನು ಅವರೊಂದಿಗೆ ಹಂಚಿಕೊಂಡವರು ಮಿದುಳಿನ ಹಾರ್ಮೋನ್‌ಗಳ ಮೇಲೆ ಕೆಲಸ ಮಾಡಿದ ಗಿಲ್ಮಾಂ ಮತ್ತು ಶಾಲಿ. ಪ್ರತಿ ಟ್ಯೂಬಿನ ಹಿಂದೆ ಈ ಮೂವರ ದುಡಿಮೆ ಇದೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಹೆಜ್ಜೆ 6: ರಿಪೋರ್ಟ್ ಓದುವುದು

ಮೊದಲು ಯೂನಿಟ್ ನೋಡಿ. ಒಂದು ಲ್ಯಾಬ್ ಟೆಸ್ಟೋಸ್ಟೆರಾನನ್ನು ಡೆಸಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಕೊಡುತ್ತದೆ, ಇನ್ನೊಂದು ಮಿಲಿಲೀಟರಿಗೆ ಇಷ್ಟು ಎಂದು. ಮಿಲಿಲೀಟರ್ ಲೆಕ್ಕದ 0.25 ಅಂದರೆ ಡೆಸಿಲೀಟರ್ ಲೆಕ್ಕದಲ್ಲಿ 25. ಕೆಲವು ಹೊರದೇಶದ ರಿಪೋರ್ಟ್‌ಗಳಲ್ಲಿ ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದಿರುತ್ತದೆ, ಅದನ್ನು ಸುಮಾರು 28.8ರಿಂದ ಗುಣಿಸಿದರೆ ಡೆಸಿಲೀಟರ್ ಲೆಕ್ಕ ಬರುತ್ತದೆ. ಇದನ್ನು ನೋಡದೆ ಎರಡು ರಿಪೋರ್ಟ್ ಹೋಲಿಸಿ ಅತ್ತವರಿದ್ದಾರೆ.

ಎರಡನೆಯದು, 'ಇರಬೇಕಾದ ಮಟ್ಟ'ದ ಅಂಕಣ. ಅಲ್ಲಿ ವಯಸ್ಸು ಅಥವಾ ಟ್ಯಾನರ್ ಹಂತ ಬರೆದಿಲ್ಲದಿದ್ದರೆ ಪಕ್ಕದ 'ಕಡಿಮೆ', 'ಹೆಚ್ಚು' ಗುರುತುಗಳನ್ನು ಮರೆತುಬಿಡಿ. ಹರೆಯ ಶುರುವಾಗದ ಹುಡುಗನಲ್ಲಿ ಬೆಳಗಿನ ಟೆಸ್ಟೋಸ್ಟೆರಾನ್, ಡೆಸಿಲೀಟರ್ ಲೆಕ್ಕದಲ್ಲಿ, ಸಾಮಾನ್ಯವಾಗಿ 20ರ ಒಳಗೆ. ಹದಿಮೂರರ ಇಬ್ಬರಲ್ಲಿ ಒಬ್ಬನಿಗೆ 15, ಇನ್ನೊಬ್ಬನಿಗೆ 400 ಇದ್ದರೂ ಇಬ್ಬರೂ ಆರೋಗ್ಯವಾಗಿರಬಹುದು. ಇನ್ನೂ ಏನೂ ಕಾಣದ ಹುಡುಗನಲ್ಲಿ 8 ಗಂಟೆಯ ಟೆಸ್ಟೋಸ್ಟೆರಾನ್ 20 ದಾಟಿದ್ದರೆ ಅದು ಒಳ್ಳೆಯ ಸುದ್ದಿ. ಹೆಚ್ಚಾಗಿ ಒಂದು ವರ್ಷ, ಒಂದೂಕಾಲು ವರ್ಷದೊಳಗೆ ವೃಷಣ ಬೆಳೆಯಲು ಶುರುವಾಗುತ್ತದೆ. ಎಲ್‌ಎಚ್ ಲೀಟರಿಗೆ 0.3 ಯೂನಿಟ್ (ಐಯು) ದಾಟಿದ್ದರೆ ಪಿಟ್ಯುಟರಿ ಎಚ್ಚರಗೊಂಡಿದೆ ಎನ್ನುವ ಸೂಚನೆ.

ಇನ್ನು ಡಾಕ್ಟರ್ ಹೇಗೆ ಯೋಚಿಸುತ್ತಾರೆ ಎಂದು ತಿಳಿದರೆ ಅವರ ಮುಂದೆ ಕೂತು ಕೇಳುವುದು ಸುಲಭ. ಟೆಸ್ಟೋಸ್ಟೆರಾನ್ ಕಡಿಮೆ, ಆದರೆ ಎಲ್‌ಎಚ್, ಎಫ್‌ಎಸ್‌ಎಚ್ ತುಂಬಾ ಹೆಚ್ಚು ಎಂದರೆ ಮೇಲಿನಿಂದ ಕೂಗುತ್ತಿದ್ದಾರೆ, ಕೆಳಗಿನವರಿಗೆ ಆಗುತ್ತಿಲ್ಲ. ತೊಂದರೆ ವೃಷಣದಲ್ಲಿ. ಇಂಥಲ್ಲಿ ಕ್ರೋಮೋಸೋಮ್ ಟೆಸ್ಟ್ ಮಾಡಿಸುತ್ತಾರೆ. ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿ ಸುಮಾರು 600 ಹುಡುಗರಲ್ಲಿ ಒಬ್ಬನಿಗೆ ಇರುತ್ತದೆ. ಅವರಲ್ಲಿ ಹರೆಯ ತಾನಾಗಿ ಶುರುವಾಗುತ್ತದೆ, ನಡುವಿನಲ್ಲಿ ಎಫ್‌ಎಸ್‌ಎಚ್ ಏರುತ್ತದೆ, ವೃಷಣ ಮಾತ್ರ ಚಿಕ್ಕದಾಗಿ ಗಟ್ಟಿಯಾಗಿ ಉಳಿಯುತ್ತದೆ. ಮಣಿಸರದ ಮಹತ್ವ ಇಲ್ಲಿ ಗೊತ್ತಾಗುತ್ತದೆ.

ಚಿಕ್ಕ ಹುಡುಗನಲ್ಲಿ ಕೂದಲು ಬಂದಿದೆ, ಮೈ ವಾಸನೆ ಬಂದಿದೆ, ಆದರೆ ವೃಷಣ 4ಕ್ಕಿಂತ ಕಡಿಮೆ. ಆಗ ಹಾರ್ಮೋನ್ ಬೇರೆ ಕಡೆಯಿಂದ, ಹೆಚ್ಚಾಗಿ ಕಿಡ್ನಿಯ ಮೇಲಿರುವ ಅಡ್ರೀನಲ್ ಗ್ರಂಥಿಯಿಂದ ಬರುತ್ತಿರಬಹುದು. 17-ಓಎಚ್‌ಪಿ ನೋಡುವುದು ಅದಕ್ಕೇ, ಅದೂ ಬೆಳಗ್ಗೆಯೇ.

ಎಲ್ಲಕ್ಕಿಂತ ಕಷ್ಟದ್ದು ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ಮೂರೂ ಕಡಿಮೆ ಇರುವುದು. ಸುಮ್ಮನೆ ನಿಧಾನವಾಗಿರುವ ಹುಡುಗನಲ್ಲೂ ಹೀಗೇ, ಮಿದುಳಿನ ಸಂದೇಶವೇ ಬಾರದ ಹುಡುಗನಲ್ಲೂ ಹೀಗೇ. ಒಂದು ಟೆಸ್ಟ್ ಇವೆರಡನ್ನು ಬೇರ್ಪಡಿಸುವುದಿಲ್ಲ. ಇನ್ಹಿಬಿನ್ ಬಿ ಸ್ವಲ್ಪ ನೆರವಾಗುತ್ತದೆ, ತುಂಬಾ ಕಡಿಮೆ ಇದ್ದರೆ ಎರಡನೆಯದರ ಅನುಮಾನ ಹೆಚ್ಚು. ಡಾಕ್ಟರ್ "ಕಾಫಿ ಪುಡಿ ವಾಸನೆ ಗೊತ್ತಾಗುತ್ತಾ, ಒಗ್ಗರಣೆ ಘಮ ಗೊತ್ತಾಗುತ್ತಾ?" ಎಂದು ಕೇಳಿದರೆ ಆಶ್ಚರ್ಯಪಡಬೇಡಿ. ಕಾಲ್ಮನ್ ಎಂಬ ಸ್ಥಿತಿಯಲ್ಲಿ ವಾಸನೆ ತಿಳಿಯುವುದಿಲ್ಲ, ಹರೆಯವೂ ಬರುವುದಿಲ್ಲ. ಎಷ್ಟೋ ಹುಡುಗರಿಗೆ ತಮಗೆ ವಾಸನೆ ಗೊತ್ತಾಗುವುದಿಲ್ಲ ಎಂದೇ ಗೊತ್ತಿರುವುದಿಲ್ಲ. ಹುಟ್ಟಿನಿಂದ ಇಲ್ಲದ್ದು ಹೇಗೆ ಗೊತ್ತಾಗಬೇಕು, ಅಲ್ವಾ? ಮನೆಯಲ್ಲೇ ಕಣ್ಣು ಮುಚ್ಚಿಸಿ ಕಾಫಿ ಪುಡಿ, ಬೆಳ್ಳುಳ್ಳಿ, ಸೋಪು ಮೂಸಿಸಿ ನೋಡಿ, ಡಾಕ್ಟರ್‌ಗೆ ಹೇಳಿ.

ಹೆಜ್ಜೆ 7: ಅರ್ಧ ದಿನದ ಟೆಸ್ಟ್

ಅಂಕಿಗಳು ಸ್ಪಷ್ಟವಾಗದಿದ್ದರೆ, ಮುಖ್ಯವಾಗಿ ಬೇಗ ಬಂದ ಹರೆಯದಲ್ಲಿ, ಸ್ಟಿಮ್ಯುಲೇಶನ್ ಟೆಸ್ಟ್ ಮಾಡುತ್ತಾರೆ. ಜಿಎನ್‌ಆರ್‌ಎಚ್‌ನಂತೆಯೇ ಕೆಲಸ ಮಾಡುವ ಟ್ರಿಪ್ಟೊರೆಲಿನ್ ಅಥವಾ ಲ್ಯೂಪ್ರೊಲೈಡ್ ಇಂಜೆಕ್ಷನ್ ಕೊಟ್ಟು, ಡಾಕ್ಟರ್ ಹೇಳಿದ ಅಂತರದಲ್ಲಿ ರಕ್ತ ತೆಗೆದು, ಎಲ್‌ಎಚ್ ಎಷ್ಟಕ್ಕೆ ಏರಿತು ಎಂದು ನೋಡುತ್ತಾರೆ. ಲೀಟರಿಗೆ 5 ಯೂನಿಟ್ ದಾಟಿದರೆ ಪಿಟ್ಯುಟರಿ ಎಚ್ಚರವಾಗಿದೆ ಎಂದು ಹೆಚ್ಚಿನವರು ತೀರ್ಮಾನಿಸುತ್ತಾರೆ. ಒಂದೇ ಸಲ ಕ್ಯಾನುಲಾ (ನರದೊಳಗೆ ಉಳಿಯುವ ಸಣ್ಣ ಕೊಳವೆ) ಹಾಕುವುದರಿಂದ ಪದೇ ಪದೇ ಚುಚ್ಚುವುದಿಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿ. ಒಂದು ಪುಸ್ತಕ, ಸ್ವೆಟರ್ ಹಿಡಿದುಕೊಂಡು ಹೋಗಿ.

ಹೆಜ್ಜೆ 8: ಮುಂದಿನ ಸಲಕ್ಕೆ

ಒಂದೇ ಟೆಸ್ಟ್‌ನಿಂದ ಯಾರೂ ಚಿಕಿತ್ಸೆ ಶುರು ಮಾಡಬಾರದು. ನಾಲ್ಕರಿಂದ ಆರು ತಿಂಗಳ ನಂತರ ಅದೇ ಲ್ಯಾಬ್‌ನಲ್ಲಿ, ಅದೇ ವಿಧಾನದಲ್ಲಿ, ಅದೇ ಹೊತ್ತಿಗೆ ಮತ್ತೆ ನೋಡಿ, ಜೊತೆಗೆ ಎತ್ತರ, ವೃಷಣದ ಗಾತ್ರ. ತಡವಾದ ಹುಡುಗರಿಗೆ ಡಾಕ್ಟರ್ ಕೆಲವೊಮ್ಮೆ ಕೆಲವು ತಿಂಗಳು ಕಡಿಮೆ ಪ್ರಮಾಣದ ಟೆಸ್ಟೋಸ್ಟೆರಾನ್ ಕೊಡುತ್ತಾರೆ. ಆ ಸಮಯದಲ್ಲಿ ರಕ್ತ ಕೊಡುವುದಾದರೆ ಕೊನೆಯ ಇಂಜೆಕ್ಷನ್‌ನ ತಾರೀಖು ಚೀಟಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಅಂಕಿಗೆ ಅರ್ಥವಿಲ್ಲ. ನೀವಾಗಿಯೇ ಮೆಡಿಕಲ್ ಶಾಪಿನಿಂದ, ಜಿಮ್‌ನಿಂದ ತಂದು ಕೊಡಿಸಲೇಬೇಡಿ. ಹೆಚ್ಚಾದ ಟೆಸ್ಟೋಸ್ಟೆರಾನ್ ಮೂಳೆಯ ತುದಿಯನ್ನು ಬೇಗ ಮುಚ್ಚಿಸಿ, ಎತ್ತರ ಅಲ್ಲಿಗೇ ನಿಲ್ಲುತ್ತದೆ.

ಬೈಕ್ ಪಕ್ಕ ನಿಂತಿದ್ದ ಆ ಹುಡುಗನನ್ನು ತಂದೆ ಮುಂದಿನ ವಾರ ಮಕ್ಕಳ ಡಾಕ್ಟರ್‌ಗೆ ತೋರಿಸಿದರು. ವೃಷಣ 5 ಮಿಲಿಲೀಟರ್, ಟ್ಯಾನರ್ ಹಂತ 2. ಅಂದರೆ ಹರೆಯ ಆಗಲೇ ಶುರುವಾಗಿತ್ತು. ಒಂದು ಬೆಳಗ್ಗೆ ಎಂಟಕ್ಕೆ ಸರಿಯಾಗಿ ಇಬ್ಬರೂ ನಮ್ಮ ಬಾಗಿಲಲ್ಲಿದ್ದರು. ಹುಡುಗನೇ ಚೀಟಿ ಕೊಟ್ಟು ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿದ. ಟೆಸ್ಟೋಸ್ಟೆರಾನ್ 110 ಬಂತು. ಚೀಟಿಯ ಮೂಲೆಯಲ್ಲಿ ಡಾಕ್ಟರ್ ಬರೆದಿದ್ದರು: ಆರು ತಿಂಗಳ ನಂತರ ಎತ್ತರ ಮಾತ್ರ ನೋಡುವುದು, ರಕ್ತ ಬೇಡ.